ಲೀಗ್ ಟೀಮಿಂದ ಕರೆ ಬಂದಿದೆ, ಅದೇ ಟೈಮಲ್ಲಿ ಇಂಟರ್ ಯೂನಿವರ್ಸಿಟಿ ಬಾಸ್ಕೆಟ್‌ಬಾಲ್ ಇದೆ. ಪ್ರೊಫೆಷನಲ್ ಆಗ್ಲಾ, ಕೆಲಸದ ದಾರಿ ನೋಡ್ಲಾ?

ಬಿಕಾಂ ಕೊನೇ ವರ್ಷ, ಪಾಯಿಂಟ್ ಗಾರ್ಡ್ (ಬಾಲ್ ತಂದು ಆಟ ನಡೆಸೋನು), ಲೀಗ್ ಕರೆದಿರೋ ತಿಂಗಳಲ್ಲೇ ಸೌತ್ ಝೋನ್, ಅಂದ್ರೆ ದಕ್ಷಿಣದ ಇಂಟರ್ ಯೂನಿವರ್ಸಿಟಿ, ಅಂತ ಬರೆದಿದೀಯ. ತಮ್ಮಾ, ಬಿಕಾಂ ತೆಗೆದು ಬಿಬಿಎಂ ಅಂತ ಹಾಕಿದ್ರೆ ಇದು ನಂದೇ ಪ್ರಶ್ನೆ. ನಾನು ಲೀಗಿಗೆ ಹೋದೆ.

ಮಂಡ್ಯ ಕಡೆಯವನು ನಾನು, ಅಲ್ಲಿ ಬಾಸ್ಕೆಟ್‌ಬಾಲ್ ಹುಚ್ಚು ಎಷ್ಟಿದೆ ಅಂತ ಆಡೋರಿಗೆ ಗೊತ್ತು. ಸಿಮೆಂಟ್ ಕೋರ್ಟಲ್ಲಿ ಆಡಿ ಬೆಳೆದವರು, ಆರು ತಿಂಗಳಿಗೆ ಒಂದು ಜೊತೆ ಶೂ ತಳ ಸವೆದು ಹೋಗೋದು. ಬೆಂಗಳೂರಿಗೆ ಸ್ಟೇಟ್ ಟೂರ್ನಮೆಂಟಿಗೆ ಬಂದ್ರೆ ವಿದ್ಯಾನಗರ ಸ್ಪೋರ್ಟ್ಸ್ ಹಾಸ್ಟೆಲ್ ಹುಡುಗ್ರು, ಬೀಗಲ್ಸ್ ಕ್ಲಬ್ ಹುಡುಗ್ರು ಇವರ ಕೈಲಿ ಒದೆ ತಿಂದು ವಾಪಸ್ ಹೋಗೋದು, ಮುಂದಿನ ವರ್ಷ ಮತ್ತೆ ಬರೋದು. ಹೀಗಿರೋವಾಗ ಒಂದು ಸಣ್ಣ ಲೀಗಿನ ಟ್ರಯಲ್ಸಲ್ಲಿ ನನ್ನ ಹೆಸರು ಬಂತು. ಲೀಗಿನ ಹೆಸರು ಬೇಡ, ಈಗ ಅದು ನಡೀತಿಲ್ಲ. ಯುಬಿಎ ಅಂತ 2015ರಲ್ಲಿ ಶುರುವಾಯ್ತಲ್ಲ, ಎಂಟು ಟೀಮ್, ಬೆಂಗಳೂರು ಬೀಸ್ಟ್ ಅಂತ ನಮ್ಮ ಕಡೆಯಿಂದೂ ಒಂದಿತ್ತು, ಅದಲ್ಲ, ಅದಕ್ಕಿಂತ ಚಿಕ್ಕದು. ಜರ್ಸಿ ಮೇಲೆ ನನ್ನ ಹೆಸರು ಪ್ರಿಂಟ್ ಆಗುತ್ತೆ ಅಂದ ತಕ್ಷಣ ನನ್ನ ತಲೆ ನಿಂತೇ ಹೋಯ್ತು.

ಸೀಸನ್ ಅಂದ್ರೆ ಏನು ಅಂತ ಮೊದಲು ಕೇಳು, ಯಾಕಂದ್ರೆ ನೀನು ಐಪಿಎಲ್ ಥರ ಅಂದ್ಕೊಂಡಿರ್ತೀಯ. ನಮ್ಮಲ್ಲಿ ಎಲ್ಲಾ ಟೀಮೂ ಒಂದೇ ಊರಲ್ಲಿ, ಒಂದೇ ಇಂಡೋರ್ ಸ್ಟೇಡಿಯಂ, ಒಂದೇ ಹೋಟ್ಲು. ನಮ್ಮೂರ ಮ್ಯಾಚ್, ಬೇರೆಯವರ ಊರ ಮ್ಯಾಚ್ ಅಂತೆಲ್ಲ ಇಲ್ಲ. ನಿನ್ನೆ ರಾತ್ರಿ ಯಾರ ಮೊಣಕೈ ನನ್ನ ಪಕ್ಕೆಗೆ ಬಿತ್ತೋ ಅವನ ಹಿಂದೇನೇ ಬೆಳಿಗ್ಗೆ ಇಡ್ಲಿಗೆ ಕ್ಯೂ ನಿಂತಿರ್ತಿದ್ದೆ. ಒಂದು ರೂಮಿಗೆ ಇಬ್ಬರು. ಬಾತ್‌ರೂಮಲ್ಲಿ ಯಾವಾಗ್ಲೂ ಐಸ್ ತುಂಬಿದ ಬಕೆಟ್, ಅದರಲ್ಲಿ ಯಾರದೋ ಒಂದು ಕಾಲು. ಬಟ್ಟೆ ಒಣಗಾಕೋಕೆ ಜಾಗ ಇಲ್ಲ, ಎಸಿ ಮುಂದೆ ಸಾಕ್ಸ್ ನೇತಾಕ್ತಿದ್ವಿ, ಆ ವಾಸನೆ ಬಗ್ಗೆ ಹೇಳೋದೇ ಬೇಡ. ಪ್ರೇಕ್ಷಕರು? ಶನಿವಾರ ಭಾನುವಾರ ಪರವಾಗಿಲ್ಲ, ಉಳಿದ ದಿನ ಹತ್ತಿರದ ಸ್ಕೂಲ್ ಮಕ್ಕಳನ್ನ ಬಸ್ಸಲ್ಲಿ ಕರ್ಕೊಂಡು ಬಂದು ಕೂರಿಸೋರು, ಅವರು ಎರಡೂ ಕಡೆಗೂ ಕಿರುಚೋರು.

ಆದ್ರೆ ಆಟ, ಅದು ಬೇರೇನೇ. ಮರದ ಫ್ಲೋರಲ್ಲಿ ಮೊದಲ ದಿನ ಬಾಲ್ ಬೌನ್ಸ್ ಮಾಡಿದಾಗ ಅದು ಕೈಗೆ ವಾಪಸ್ ಬರೋ ಸ್ಪೀಡೇ ಬೇರೆ ಅನ್ನಿಸ್ತು. ಎಲ್ಲಕ್ಕಿಂತ ಹೆಚ್ಚಾಗಿ ಶಾಟ್ ಕ್ಲಾಕ್, ಅಂದ್ರೆ ಬಾಲ್ ಸಿಕ್ಕ 24 ಸೆಕೆಂಡಲ್ಲಿ ಬಾಸ್ಕೆಟಿಗೆ ಎಸೀಬೇಕು ಅಂತ ತೋರಿಸೋ ಗಡಿಯಾರ. ಊರಲ್ಲಿ ನಾವು ಆಡಿದ ಎಷ್ಟೋ ಟೂರ್ನಮೆಂಟಲ್ಲಿ 24 ಸೆಕೆಂಡ್ ಅನ್ನೋದು ಟೇಬಲ್ ಮೇಲಿರೋ ಅಣ್ಣ ಕೂಗಿದ್ರೆ ಉಂಟು ಇಲ್ಲಾಂದ್ರೆ ಇಲ್ಲ. ಇಲ್ಲಿ ಬೋರ್ಡ್ ಮೇಲೆ ಕೆಂಪಗೆ ಓಡ್ತಿರುತ್ತೆ. ನಮ್ಮ ಟೀಮಲ್ಲಿ ಒಬ್ಬ ಅಮೆರಿಕದವನಿದ್ದ, ಮೂವತ್ತು ದಾಟಿದವನು, ನಾಲ್ಕೈದು ದೇಶದ ಸಣ್ಣಪುಟ್ಟ ಲೀಗ್‌ಗಳಲ್ಲಿ ಆಡಿ ಮಂಡಿ ಸವೆಸಿಕೊಂಡು ಬಂದಿದ್ದವನು. ಮೊದಲನೇ ಪ್ರಾಕ್ಟೀಸಲ್ಲಿ ಅವನು ನನಗೆ ಕಲಿಸಿದ್ದು ಪಾಸ್ ಅಲ್ಲ, ಡ್ರಿಬಲ್ ಅಲ್ಲ, ಕ್ಲಾಕ್ ನೋಡೋದು. 14 ಅಂತ ಬರೋಷ್ಟರಲ್ಲಿ ಮೊದಲನೇ ಸ್ಕ್ರೀನ್ (ನಮ್ಮವನು ಅಡ್ಡ ನಿಂತು ಎದುರಾಳಿನ ತಡೆಯೋದು) ಮುಗಿದಿರ್ಬೇಕು, 7ಕ್ಕೆ ಬಾಲ್ ಯಾರ ಕೈಲಿರ್ಬೇಕು ಅಂತ ನಿನಗೆ ಮೊದಲೇ ಗೊತ್ತಿರ್ಬೇಕು. ನಾನು ಕ್ಲಾಕ್ ನೋಡೋಕೆ ತಲೆ ಎತ್ತಿದಾಗೆಲ್ಲ ಅವನೇ ಬಂದು ಬಾಲ್ ಕಿತ್ಕೊಂಡು ಹೋಗೋನು. ತಲೆ ಎತ್ತದೆ ಕಣ್ಣಂಚಲ್ಲೇ ನೋಡೋದು ಬರೋವರೆಗೂ ಬಿಡ್ಲಿಲ್ಲ. ಈಗ ಸಂಜೆ ಮಕ್ಕಳಿಗೆ ಹೇಳಿಕೊಡ್ತೀನಿ, ಅದನ್ನೇ ಮಾಡ್ತೀನಿ, ಮಕ್ಕಳು ಬೈಕೊಳ್ತಾರೆ.

ಅವನ ಬಾಯಲ್ಲೇ ಜಿ ಲೀಗ್ ಕಥೆ ಕೇಳಿದ್ದು. ದುಡ್ಡು ಕಟ್ಟಿ ಓಪನ್ ಟ್ರಯಲ್ಸಿಗೆ ಹೋಗಿದ್ನಂತೆ, ಆಗ್ಲಿಲ್ಲ. ಎನ್‌ಬಿಎ ಅನ್ನೋ ಅಮೆರಿಕದ ದೊಡ್ಡ ಲೀಗಿನ ಕೆಳಗಿನ ಲೀಗ್ ಅದು, 2001ರಲ್ಲಿ ಎಂಟು ಟೀಮಿಂದ ಶುರುವಾಗಿದ್ದು, 2017ರಲ್ಲಿ ಗೇಟೊರೇಡ್ ಅನ್ನೋ ಪಾನೀಯದ ಹೆಸರು ಸೇರಿ ಜಿ ಲೀಗ್ ಆಯ್ತು. ನವೆಂಬರಿಂದ ಮಾರ್ಚ್ ಕೊನೇವರೆಗೂ ಐದು ತಿಂಗಳು ಆಡಿದ್ರೆ ಅಲ್ಲಿ ಮಾಮೂಲಿ ಕಾಂಟ್ರಾಕ್ಟಿಗೆ 2023ರ ಹೊತ್ತಿಗೆ ಸಿಗ್ತಿದ್ದದ್ದು ಸುಮಾರು 40,500 ಡಾಲರ್, ಅಮೆರಿಕದ ಲೆಕ್ಕದಲ್ಲಿ ಅದೇನು ದೊಡ್ಡ ಸಂಬಳ ಅಲ್ಲ. ನಮ್ಮ ಸತ್ನಾಮ್ ಸಿಂಗ್ ನೆನಪಿದ್ಯಲ್ಲ, 2015ರ ಡ್ರಾಫ್ಟಲ್ಲಿ, ಅಂದ್ರೆ ಎನ್‌ಬಿಎ ಟೀಮುಗಳು ಹೊಸ ಆಟಗಾರರನ್ನ ಆರಿಸೋವಾಗ, ಡಲ್ಲಾಸ್ ಟೀಮ್ 52ನೇ ಪಿಕ್ ಆಗಿ ತಗೊಂಡಾಗ ದೇಶಾನೇ ಕುಣೀತು, ಆಡಿದ್ದು ಮಾತ್ರ ಕೆಳಗಿನ ಲೀಗಿನ ಟೆಕ್ಸಾಸ್ ಲೆಜೆಂಡ್ಸಲ್ಲಿ, ಅಲ್ಲೂ ಹೆಚ್ಚು ಹೊತ್ತು ಬೆಂಚಲ್ಲೇ, ಎನ್‌ಬಿಎ ಸೀಸನ್ನಲ್ಲಿ ಒಂದು ಮ್ಯಾಚೂ ಆಡದೆ ವಾಪಸ್ ಬಂದ. ಏಳು ಅಡಿ ಹುಡುಗನ ಕಥೆ ಇದು. ನೀನು ಎಷ್ಟಿದೀಯ ಅಂತ ಬರೆದಿಲ್ಲ, ನಾನು ಐದು ಅಡಿ ಹತ್ತು.

ಈಗ ಸರ್ಟಿಫಿಕೇಟ್ ವಿಷಯಕ್ಕೆ ಬರ್ತೀನಿ. ಇದನ್ನ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೂ ಓದು.

ಸೆಂಟ್ರಲ್ ಗವರ್ನಮೆಂಟಿನ ಸ್ಪೋರ್ಟ್ಸ್ ಕೋಟಾದಲ್ಲಿ ಸರ್ಟಿಫಿಕೇಟಿಗೆ ಫಾರಂ ಅಂತ ಇವೆ. ದೇಶಕ್ಕೆ ಆಡಿದ್ರೆ ಫಾರಂ 1. ಸ್ಟೇಟ್ ಪರವಾಗಿ ನ್ಯಾಷನಲ್ಸ್ ಆಡಿದ್ರೆ ಫಾರಂ 2, ಅದಕ್ಕೆ ಸ್ಟೇಟ್ ಅಸೋಸಿಯೇಷನ್ ಸೈನ್ ಬೇಕು. ಯೂನಿವರ್ಸಿಟಿ ಪರವಾಗಿ ಇಂಟರ್ ಯೂನಿವರ್ಸಿಟಿ ಆಡಿದ್ರೆ ಫಾರಂ 3, ಅದಕ್ಕೆ ಯೂನಿವರ್ಸಿಟಿ ಸ್ಪೋರ್ಟ್ಸ್ ಡೈರೆಕ್ಟರ್ ಸೈನ್. ಸ್ಕೂಲ್ ನ್ಯಾಷನಲ್ಸಿಗೆ ಫಾರಂ 4. ಈಗ ಹೇಳು, ಫ್ರಾಂಚೈಸಿ ಲೀಗಲ್ಲಿ ಆಡಿದ್ರೆ ಯಾವ ಫಾರಂ? ಯಾವುದೂ ಇಲ್ಲ. ಕೋಟಾದ ಕೆಲಸಕ್ಕೆ ಅರ್ಜಿ ಹಾಕಿ ಹೋದಾಗ ಡಾಕ್ಯುಮೆಂಟ್ ವೆರಿಫಿಕೇಶನ್ ಟೇಬಲಲ್ಲಿ ಕೂತಿದ್ದ ಮೇಡಂ ನನ್ನ ಫೈಲ್ ಒಂದೊಂದೇ ಹಾಳೆ ತಿರುಗಿಸ್ತಾ ಬಂದ್ರು. ಜಿಲ್ಲೆ, ದಸರಾ ಸಿಎಂ ಕಪ್, ಕಾಲೇಜು, ಆಮೇಲೆ ಲೀಗಿನ ಸರ್ಟಿಫಿಕೇಟ್. ದಪ್ಪ ಕಾಗದ, ಬಂಗಾರದ ಬಣ್ಣದ ಸೀಲು, ನಾನು ಲ್ಯಾಮಿನೇಷನ್ ಬೇರೆ ಮಾಡಿಸಿದ್ದೆ. ಅದನ್ನ ಎತ್ತಿ ಎರಡೂ ಕಡೆ ನೋಡಿದ್ರು, 'ಇದು ಯಾವ ಫಾರಮಪ್ಪಾ' ಅಂದ್ರು. ನಾನು ಪ್ರೊಫೆಷನಲ್ ಲೀಗ್ ಮೇಡಂ, ಲೈವ್ ಬಂದಿತ್ತು ಅಂದೆ. 'ಚೆನ್ನಾಗಿದೆ, ಮನೇಲಿ ಇಟ್ಕೋ' ಅಂತ ಪಕ್ಕಕ್ಕಿಟ್ಟು ಮುಂದಿನ ಹಾಳೆ ತಿರುಗಿಸಿದ್ರು. ವ್ಯಂಗ್ಯ ಮಾಡಿದ್ದಲ್ಲ ಅವರು, ಪಾಪ, ನಿಜವಾಗ್ಲೂ ಹಾಗೇ ಅಂದಿದ್ದು.

ಅಂದ್ರೆ ನಾನು ಸೌತ್ ಝೋನ್ ಬಿಟ್ಟು ಲೀಗಿಗೆ ಹೋಗಿದ್ದು ತಪ್ಪು ಅಂತೀನಿ ಅಂದ್ಕೊಂಡ್ಯಾ? ಅಲ್ಲ. ತಪ್ಪಾಗಿದ್ದು ಅದಕ್ಕೂ ಮುಂಚೆ, ಫೋನಲ್ಲಿ. ಟೀಮ್ ಮ್ಯಾನೇಜರ್ ಫೋನ್ ಮಾಡಿ ಇಂಥ ತಾರೀಖು ರಿಪೋರ್ಟ್ ಆಗ್ಬೇಕು ಅಂದ್ರು, ನಾನು 'ಸರಿ ಸರ್' ಅಂದೆ. ಅಷ್ಟೇ. ಯೂನಿವರ್ಸಿಟಿ ಮ್ಯಾಚ್ ಇದೆ, ಒಂದು ವಾರ ಲೇಟಾಗಿ ಬರ್ಲಾ ಅಂತ ಒಂದು ಮಾತು ಕೇಳ್ಲಿಲ್ಲ. ಯಾಕೆ ಕೇಳ್ಲಿಲ್ಲ ಅಂದ್ರೆ, ಕೇಳಿದ್ರೆ ಇವನು ಸೀರಿಯಸ್ ಇಲ್ಲ ಅಂತ ಬೇರೆಯವನನ್ನ ತಗೊಂಡ್ಬಿಡ್ತಾರೆ ಅನ್ನೋ ಭಯ. ಇನ್ನೊಂದು, ಪ್ರೊಫೆಷನಲ್ ಆದ್ಮೇಲೆ ಯೂನಿವರ್ಸಿಟಿ ಮ್ಯಾಚ್ ಎಲ್ಲ ಹುಡುಗಾಟ ಅನ್ನೋ ಕೊಬ್ಬೂ ಇತ್ತು, ಸುಳ್ಳು ಯಾಕೆ ಹೇಳ್ಲಿ. ಹೋದ್ಮೇಲೆ ನೋಡಿದ್ರೆ ಮೊದಲನೇ ವಾರ ಪೂರ್ತಿ ಫೋಟೋಶೂಟು, ಜರ್ಸಿ ಸೈಜು, ಸ್ಪಾನ್ಸರ್ ಜೊತೆ ಊಟ, ಜಿಮ್ಮಲ್ಲಿ ರೀಲ್ಸು. ನಮ್ಮ ಟೀಮಿನ ಶೂಟಿಂಗ್ ಗಾರ್ಡ್ ತಮಿಳುನಾಡಿನ ಹುಡುಗ, ಅವನು ಅದೇ ಸೌತ್ ಝೋನ್ ಮುಗಿಸ್ಕೊಂಡು, ಬ್ಯಾಗ್ ಸಮೇತ ನೆಟ್ಟಗೆ ಹೋಟ್ಲಿಗೆ ಬಂದ. ಎಲ್ಲರೂ ಅವನಿಗೆ ಕೈ ಕುಲುಕಿದ್ರು. ಸೀಸನ್ ಮುಗಿಯೋ ಹೊತ್ತಿಗೆ ಒಂದಿನ ಮಾತಿಗೆ ಮಾತು ಬಂದು ಮ್ಯಾನೇಜರ್ ಹತ್ರ ಹೇಳ್ಕೊಂಡೆ. 'ಕೇಳಿದ್ರೆ ನಿಂಗೂ ಕೊಡ್ತಿದ್ವಲ್ಲ' ಅಂದ್ರು ಚಹಾ ಕುಡೀತಾ.

ಇಷ್ಟಕ್ಕೇ ನಿಲ್ಲಲಿಲ್ಲ. ಕಾಲೇಜಲ್ಲಿ ಕ್ರೀಡೆ ನೋಡ್ಕೊಳ್ಳೋ ನಮ್ಮ ಪಿಡಿ ಸರ್‌ಗೆ ಏನ್ ಹೇಳಿದ್ದೆ ಗೊತ್ತಾ, ಡೆಂಗ್ಯೂ ಅಂತ. ಅವರು ಪಾಪ ಪಪ್ಪಾಯಿ ಎಲೆ ರಸ ಕುಡಿ ಅಂತ ಮೆಸೇಜ್ ಹಾಕಿದ್ರು. ನಾಲ್ಕು ದಿನಕ್ಕೆ ಲೀಗಿನವರು ಫೇಸ್‌ಬುಕ್ಕಲ್ಲಿ ನನ್ನ ಫೋಟೋ ಹಾಕಿ ವೆಲ್‌ಕಮ್ ಅಂತ ಬರೆದ್ರು. ಪಿಡಿ ಸರ್ ಬೈಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು. ಆಮೇಲೆ ಯಾವ ಸೆಲೆಕ್ಷನ್‌ಗೂ ನನ್ನ ಹೆಸರು ಹೇಳ್ಲಿಲ್ಲ. ನಮ್ಮ ಯೂನಿವರ್ಸಿಟಿ ಆ ವರ್ಷ ಸೌತ್ ಝೋನಲ್ಲಿ ಮೊದಲ ನಾಲ್ಕರಲ್ಲಿ ಬಂದು ಆಲ್ ಇಂಡಿಯಾಕ್ಕೆ ಹೋಯ್ತು, ಅಲ್ಲಿ ಮೂರನೇ ಪ್ಲೇಸ್. ನನ್ನ ಜಾಗದಲ್ಲಿ ಆಡಿದ ಹುಡುಗ, ನನಗಿಂತ ಒಳ್ಳೆ ಪ್ಲೇಯರ್ ಅಂತ ನಾನಂತೂ ಇವತ್ತಿಗೂ ಒಪ್ಪಲ್ಲ, ಈಗ ಹುಬ್ಬಳ್ಳಿಲಿ ರೈಲ್ವೇಲಿದಾನೆ. ಮದುವೆಗೆ ಕರೆದಿದ್ದ, ಹೋಗಿ ಬಂದೆ.

ನಂಗೆ ಇನ್ನೊಂದು ವರ್ಷ ಯಾಕೆ ಆಡಕ್ಕಾಗ್ಲಿಲ್ಲ ಅಂತ ಕೇಳಬಹುದು. ಡಿಗ್ರಿ ಮುಗೀತು, ಯೂನಿವರ್ಸಿಟಿ ಆಡೋಕೆ ರೆಗ್ಯುಲರ್ ಸ್ಟೂಡೆಂಟ್ ಆಗಿರ್ಬೇಕು, ವಯಸ್ಸು 25ರ ಒಳಗಿರ್ಬೇಕು. ವಯಸ್ಸಿತ್ತು, ಎಂಕಾಂ ಸೇರೋಕೆ ಮನೇಲಿ ದುಡ್ಡಿರ್ಲಿಲ್ಲ. ಲೀಗ್ ದುಡ್ಡಲ್ಲಿ ಸೇರಬಹುದಿತ್ತಲ್ಲ ಅಂತೀಯಾ? ಅರ್ಧ ಮೊದಲೇ ಕೊಟ್ರು, ಉಳಿದರ್ಧ ಬರೋಷ್ಟರಲ್ಲಿ ಅಡ್ಮಿಷನ್ ಮುಗಿದಿತ್ತು. ಬಂದಿದ್ದರಲ್ಲೂ 10 ಪರ್ಸೆಂಟ್ ಟಿಡಿಎಸ್ ಕಟ್ ಆಗಿತ್ತು. ಅದನ್ನ ರಿಟರ್ನ್ ಫೈಲ್ ಮಾಡಿ ವಾಪಸ್ ತಗೋಬಹುದು ಅಂತ ಹೇಳಿಕೊಟ್ಟವನೂ ಆ ತಮಿಳು ಹುಡುಗನೇ. ಇಪ್ಪತ್ತೊಂದು ವಯಸ್ಸಿಗೆ ಇಷ್ಟೆಲ್ಲ ತಿಳ್ಕೊಂಡಿದ್ದ ಪುಣ್ಯಾತ್ಮ.

ಹಂಗಾಗಿ ನಿನ್ನ ಪ್ರಶ್ನೇನೇ ನಂಗೆ ಒಪ್ಪಿಗೆ ಇಲ್ಲ. ಪ್ರೊಫೆಷನಲ್ಲಾ ಕೆಲಸಾನಾ ಅಂತ ಕೇಳ್ತೀಯ, ನಮ್ಮ ದೇಶದಲ್ಲಿ ಕೆಲಸ ಕೊಡೋ ಟೀಮೇ ಪ್ರೊಫೆಷನಲ್ ಟೀಮು ಕಣಪ್ಪಾ. ರೈಲ್ವೆ, ಬ್ಯಾಂಕು, ಇನ್‌ಕಂ ಟ್ಯಾಕ್ಸು, ಸೇನೆಯ ಸರ್ವಿಸಸ್ಸು, ಚೆನ್ನೈ ಕಡೆ ಐಒಬಿ ಬ್ಯಾಂಕು, ಐಸಿಎಫ್ ರೈಲು ಬೋಗಿ ಕಾರ್ಖಾನೆ, ಇವರ ಪ್ಲೇಯರ್ಸ್ ವರ್ಷಪೂರ್ತಿ ಪ್ರಾಕ್ಟೀಸ್ ಮಾಡ್ತಾರೆ, ಒಂದನೇ ತಾರೀಖು ಸಂಬಳ ಬರುತ್ತೆ, ಮಂಡಿ ಹೋದ್ರೆ ರಜಾ ಸಿಗುತ್ತೆ. ಬೆಂಗಳೂರಲ್ಲಿ ವಿಜಯಾ ಬ್ಯಾಂಕ್ ಟೀಮ್ ನೋಡಿ ನಾವು ಬೆಳೆದಿದ್ದು, 2019ರಲ್ಲಿ ಅದು ಬ್ಯಾಂಕ್ ಆಫ್ ಬರೋಡಾ ಜೊತೆ ಸೇರಿಹೋಯ್ತು. ಲೀಗ್ ಅನ್ನೋದು ಕೆಲವೇ ವಾರದ ಜಾತ್ರೆ. ಯುಬಿಎ 2017ರ ಸೀಸನ್ ಆದ್ಮೇಲೆ ನಡೀಲಿಲ್ಲ, ಫೆಡರೇಷನ್ ಮಾನ್ಯತೆ ಕೂಡ ಅದಕ್ಕಿರಲಿಲ್ಲ. 2025ರ ಶುರುವಲ್ಲಿ 25 ವರ್ಷದೊಳಗಿನವರಿಗೆ ಅಂತ ಐಎನ್‌ಬಿಎಲ್ ಪ್ರೋ ಅನ್ನೋ ಲೀಗ್ ಡೆಲ್ಲಿಯಲ್ಲಿ ನಡೀತು, ಆರು ಟೀಮಲ್ಲಿ ಬೆಂಗಳೂರಿಂದು ಒಂದೂ ಇಲ್ಲ. ಇದನ್ನ ನಂಬ್ಕೊಂಡು ಕೆಲಸ ಬೇಡ ಅನ್ನೋದು ಅಂದ್ರೆ ಏನ್ ಹೇಳ್ಲಿ.

ಹೋಗ್ಬೇಡ ಅಂತಲ್ಲ. ಹೋಗು, ನಿನಗಿಂತ ಚೆನ್ನಾಗಿ ಆಡೋರ ಜೊತೆ ದಿನಾ ಆಡೋದು ಬೇರೆ ಎಲ್ಲೂ ಸಿಗಲ್ಲ. ನಂದು ಒಂದೇ ಸೀಸನ್, ಅದರಲ್ಲಿ ಕಲಿತಿದ್ದು ಅದಕ್ಕೆ ಮುಂಚಿನ ಎಲ್ಲಾ ವರ್ಷಕ್ಕಿಂತ ಜಾಸ್ತಿ. ಆದ್ರೆ ಇವತ್ತೇ ಮ್ಯಾನೇಜರ್‌ಗೆ ಫೋನ್ ಮಾಡು, ಲೇಟಾಗಿ ರಿಪೋರ್ಟ್ ಆಗ್ತೀನಿ ಅಂತ ಕೇಳು, ಒಪ್ಪಿದ್ರೆ ವಾಟ್ಸಾಪಲ್ಲಾದ್ರೂ ಬರೆಸ್ಕೋ. ಒಪ್ಲಿಲ್ಲ ಅಂದ್ರೆ ಲೀಗ್ ಬಿಡು, ಸೌತ್ ಝೋನ್ ಆಡು. ಪಿಡಿ ಸರ್‌ಗೆ ಇದ್ದಿದ್ದು ಇದ್ದ ಹಾಗೆ ಹೇಳು. ಕಾಂಟ್ರಾಕ್ಟಲ್ಲಿ ಪ್ರಾಕ್ಟೀಸ್ ಟೈಮಲ್ಲಿ ಗಾಯ ಆದ್ರೆ ಯಾರು ಖರ್ಚು ಕೊಡ್ತಾರೆ ಅಂತ ನೋಡು, ಮ್ಯಾಚ್ ಇಂಜುರಿ ಅಂತ ಮಾತ್ರ ಬರೆದಿದ್ರೆ ಕೇಳಿ ಸೇರಿಸು. ಮತ್ತೆ ಫಾರಂ 3 ಸಿಕ್ಕಿದ ಮಾತ್ರಕ್ಕೆ ಕೆಲಸ ಅಂದ್ಕೋಬೇಡ, ಕೆಲವು ಕಡೆ ಯೂನಿವರ್ಸಿಟಿ ಆಡಿದ್ರೆ ಅರ್ಜಿ ಹಾಕ್ಬಹುದು, ರೈಲ್ವೇಲಿ ಟೀಮ್ ಎಷ್ಟನೇ ಪ್ಲೇಸ್ ಬಂತು ಅಂತ ಕೇಳ್ತಾರೆ, ಹಳೇ ಸರ್ಟಿಫಿಕೇಟೂ ನಡೆಯಲ್ಲ, ಆಯಾ ನೋಟಿಫಿಕೇಶನ್ ಕೂತು ಓದು.

ಎರಡರ ಡೇಟೂ ಕೆಳಗೆ ಕಾಮೆಂಟಲ್ಲಿ ಹಾಕು, ನೋಡಿ ಹೇಳ್ತೀನಿ. ಕಾಂಟ್ರಾಕ್ಟ್ ಫೋಟೋ ಮಾತ್ರ ಇಲ್ಲಿ ಹಾಕ್ಬೇಡ, ಅದರಲ್ಲಿ ನಿನ್ನ ಬ್ಯಾಂಕ್ ಅಕೌಂಟ್ ನಂಬರ್ ಇರುತ್ತೆ.