ಹೊಸ ಮಾತ್ರೆ ಶುರುವಾದ ಮೇಲೆ ಬಿಎನ್‌ಪಿ ಏರಿದ್ದಕ್ಕೆ
ತಂದೆಯವರ ಉಸಿರಾಟ ಸುಧಾರಿಸಿದ್ದರೂ ಬಿಎನ್‌ಪಿ (ಹೃದಯಕ್ಕೆ ಒತ್ತಡ ಹೆಚ್ಚಾದಾಗ ರಕ್ತದಲ್ಲಿ ಏರುವ ಹಾರ್ಮೋನ್) 310ರಿಂದ 480ಕ್ಕೆ ಏರಿದೆ ಅಂದಿರಿ. ಬಹುಶಃ ಹೃದಯ ವೈಫಲ್ಯಕ್ಕೆ ಕೊಡುವ ಹೊಸ ಸ್ಯಾಕುಬಿಟ್ರಿಲ್-ವಾಲ್ಸಾರ್ಟನ್ ಮಾತ್ರೆಯೇ ಕಾರಣ. ಬಿಎನ್‌ಪಿಯನ್ನು ಒಡೆಯುವ ನೆಪ್ರಿಲೈಸಿನ್ ಕಿಣ್ವವನ್ನು ಸ್ಯಾಕುಬಿಟ್ರಿಲ್ ತಡೆಯುತ್ತದೆ. ಹಾಗಾಗಿ ಹೃದಯ ಹದಗೆಡದಿದ್ದರೂ ಅಂಕಿ ಏರಬಹುದು. ಬಿಎನ್‌ಪಿ ಜೊತೆಗೇ ಹೃದಯದಿಂದ ಬರುವ ಎನ್‌ಟಿ-ಪ್ರೊಬಿಎನ್‌ಪಿ ಎಂಬ ಇನ್ನೊಂದು ತುಣುಕನ್ನು ಆ ಕಿಣ್ವ ಒಡೆಯುವುದಿಲ್ಲ. ಮುಂದಿನ ಸಲ ಡಾಕ್ಟರ ಚೀಟಿಯಲ್ಲಿ ಅದರ ಪರೀಕ್ಷೆಯನ್ನೇ ಬರೆಸಿ, ಪ್ರತಿಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಅದರ ಅಂಕಿಯನ್ನು ಹಳೆಯ ಬಿಎನ್‌ಪಿ ಜೊತೆ ಹೋಲಿಸಬೇಡಿ. ರಿಪೋರ್ಟಿನಲ್ಲಿ ಎರಡಕ್ಕೂ ಅಳತೆ ಪಿಜಿ/ಎಂಎಲ್ ಎಂದೇ ಇರುತ್ತದೆ, ಜನ ಎಡವುವುದು ಅಲ್ಲೇ. ಜೊತೆಗೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆಗಳನ್ನೂ ಮಾಡಿಸಿ. ಕಿಡ್ನಿ ಸೋತರೂ ಎನ್‌ಟಿ-ಪ್ರೊಬಿಎನ್‌ಪಿ ಏರುತ್ತದೆ. ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮೊದಲು ತೂಕ ನೋಡಿ ಬರೆದಿಡಿ. 3 ದಿನದಲ್ಲಿ 2 ಕೆಜಿ ಹೆಚ್ಚಿದರೆ ಅಥವಾ ಕಾಲು ಊದಿದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ. ಡಾಕ್ಟರು ಹೇಳುವವರೆಗೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.