ವ್ಯಾಯಾಮ ಅಂದರೆ ಹೊಟ್ಟೆಯಲ್ಲಿ ಸಂಕಟ: ಬೀದರ್‌ನ ಒಂದು ಪ್ರಕರಣ

ಅವರು ಬೀದರ್‌ನ ಹಳೇ ಊರಿನವರು. ವಯಸ್ಸು ನಲವತ್ತರ ಆಸುಪಾಸು, ಕಚೇರಿಯಲ್ಲಿ ಕೂತು ಮಾಡುವ ಕೆಲಸ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ.

ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ, ಅಂದರೆ ರಕ್ತದಲ್ಲಿನ ಸಕ್ಕರೆಯ ಸರಾಸರಿ ತೋರಿಸುವ ಅಂಕಿ, ಶೇಕಡಾ 6.2 ಬಂದಿತ್ತು. ಅದು 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಿಗೆ ಬಂದಿದ್ದೀರಿ ಅಂತ ಅರ್ಥ. ಡಾಕ್ಟರು ದಿನಾ ನಡೆಯಿರಿ ಅಂದರು. ಮನೆಯವರು ಜಿಮ್‌ಗೆ ವರ್ಷದ ಹಣ ಕಟ್ಟಿದರು. ಅಕ್ಕ ಸ್ವಲ್ಪ ದಿನ ಹೋಗಿ ಬಿಟ್ಟರು. ಆಮೇಲೆ ಮನೆಯಲ್ಲಿ ದಿನಾ ಅದೇ ಮಾತು.

“ನಾ ಆಲಸಿ ಅಂತಾರ್ರಿ ಮೇಡಂ. ಈಗ ನಂಗೂ ಹಂಗೇ ಅನಸ್ಲಕತ್ತದ.”

ಮಾತಿನ ನಡುವೆ ಅವರ ಕೈಯಲ್ಲಿದ್ದ ವಾಚು ಗುಂಯ್ ಅಂತು. ತುಂಬಾ ಹೊತ್ತು ಕೂತಿದ್ದೀರಿ, ಏಳಿ ಅನ್ನುವ ಸೂಚನೆ. ಮಗ ಪ್ರೀತಿಯಿಂದ ಕೊಡಿಸಿದ್ದು. ಅಕ್ಕ ತಟ್ಟನೆ ಸೆರಗು ಎಳೆದು ಅದನ್ನು ಮುಚ್ಚಿಕೊಂಡರು. ಆಲಸಿಯಾದವರು ಹಾಗೆ ಮುಚ್ಚಿಕೊಳ್ಳುವುದಿಲ್ಲ. ಅವರಿಗೆ ನಾಚಿಕೆ ಆಗಿತ್ತು.

ಮೊದಲು ನಿದ್ದೆ, ಹಸಿವು, ಮನಸ್ಸಿನ ಸ್ಥಿತಿ ವಿಚಾರಿಸಿದೆ. ಯಾವುದರಲ್ಲೂ ಆಸಕ್ತಿಯೇ ಇಲ್ಲದಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಬೇರೆಯದೇ ಆರೈಕೆ ಬೇಕು. ಇವರಿಗೆ ಹಾಗೇನೂ ಇರಲಿಲ್ಲ. ಥೈರಾಯ್ಡ್ ಕೂಡ ಸರಿ ಇತ್ತು.

ಜಿಮ್‌ನಲ್ಲಿ ಏನಾಯ್ತು ಅಂತ ಕೇಳಿದೆ. ಟ್ರೆಡ್‌ಮಿಲ್ ಎದುರಿಗೇ ದೊಡ್ಡ ಕನ್ನಡಿ. ಅಕ್ಕಪಕ್ಕ ಕಾಲೇಜು ಹುಡುಗಿಯರು. ಟ್ರೇನರ್ ಒಮ್ಮೆಲೇ ವೇಗ ಹೆಚ್ಚಿಸಿದಾಗ ಉಸಿರು ಕಟ್ಟಿ, ಕಂಬಿ ಹಿಡಿದು ನಿಂತುಬಿಟ್ಟರು. ಯಾರೋ ನಕ್ಕರು. ಅವತ್ತಿನಿಂದ ವ್ಯಾಯಾಮ ಅನ್ನುವ ಮಾತು ಕೇಳಿದರೆ ಹೊಟ್ಟೆಯಲ್ಲಿ ಸಂಕಟ. ಉಸಿರು ಹಿಡಿತ ತಪ್ಪುವಷ್ಟು ಜೋರಾಗಿ ಮಾಡಿದರೆ ಹೆಚ್ಚಿನವರಿಗೆ ಹಿಂಸೆಯೇ ಆಗುತ್ತದೆ. ಅಭ್ಯಾಸ ಇಲ್ಲದವರಿಗೆ ಆ ಮಿತಿ ಬೇಗ ಬರುತ್ತದೆ. ಹಿಂಸೆ ಆದದ್ದನ್ನು ಮನಸ್ಸು ಮರುದಿನ ಮಾಡಗೊಡುವುದಿಲ್ಲ. ಇದನ್ನು ಅಕ್ಕನಿಗೆ ನಿಧಾನವಾಗಿ ವಿವರಿಸಿದೆ. ಇಷ್ಟು ಕೇಳಿಯೇ ಅವರ ಮುಖ ಹಗುರಾಯಿತು.

“ಮನ್ಯಾಗ ದಿನಾ ರೊಟ್ಟಿ ಬಡೀತೀನಲ್ರಿ, ಅದು ವ್ಯಾಯಾಮ ಅಲ್ಲೇನ್ರಿ?” ಅಂತಲೂ ಕೇಳಿದರು. ನ್ಯಾಯವಾದ ಪ್ರಶ್ನೆ. ಜೋಳದ ರೊಟ್ಟಿ ಬಡಿಯುವುದು ಕೈ, ಭುಜಕ್ಕೆ ನಿಜವಾದ ದುಡಿಮೆ. ಅದನ್ನು ಯಾರೂ ಸಣ್ಣದು ಮಾಡಬಾರದು. ಆದರೆ ಕಾಲಿನ ದೊಡ್ಡ ಸ್ನಾಯುಗಳು ದುಡಿದಾಗಲೇ ರಕ್ತದಲ್ಲಿನ ಸಕ್ಕರೆ ಜಾಸ್ತಿ ಖರ್ಚಾಗುವುದು.

ಆಮೇಲೆ ಕೇಳಿದೆ: ಮೈ ದಣಿದರೂ ಖುಷಿ ಆದದ್ದು ಯಾವಾಗ? ಸ್ವಲ್ಪ ಹೊತ್ತು ಸುಮ್ನಿದ್ದರು. ತವರಿನಲ್ಲಿ ಬುಲಾಯಿ ಹಾಡುವಾಗ ಅಂದರು. ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ, ಸುತ್ತು ತಿರುಗುತ್ತಾ, ಬಾಗಿ ಎದ್ದು ಚಪ್ಪಾಳೆ ಹೊಡೆಯುತ್ತಾ ಹಾಡುವುದು. “ಹೊತ್ತು ಹೋಗಿದ್ದೇ ಗೊತ್ತಾಗ್ತಿದ್ದಿಲ್ರಿ.” ಹೇಳುವಾಗ ಕೂತಲ್ಲೇ ಅವರ ಅಂಗೈ ಎರಡೂ ಕೂಡಿದವು. ಅಲ್ಲಿ ಜೊತೆಗೆ ಜನ ಇದ್ದರು, ಹಾಡಿತ್ತು. ಎಲ್ಲರೂ ಸುತ್ತಿನ ಒಳಗೇ ಇದ್ದುದರಿಂದ ಹೊರಗೆ ನಿಂತು ಅಳೆಯುವವರು ಇರಲಿಲ್ಲ. ನನ್ನ ಸಲಹೆ ಎಲ್ಲವೂ ಹುಟ್ಟಿದ್ದು ಇಲ್ಲಿಂದ.

ವಾಚನ್ನು ಸದ್ಯಕ್ಕೆ ಕಪಾಟಿನಲ್ಲಿ ಇಡಿ ಅಂದೆ. ಬರಿದ್ ಶಾಹಿ ಉದ್ಯಾನದಲ್ಲಿ ಪರಿಚಯದವರು ಸಿಗುತ್ತಾರೆ ಅನ್ನುವ ಮುಜುಗರ ಇದ್ದರೆ ಅಲ್ಲಿಗೆ ಹೋಗಲೇಬೇಕು ಅಂತೇನಿಲ್ಲ. ಪಕ್ಕದ ಮನೆಯ ಗೆಳತಿಯನ್ನು ಕರೆದುಕೊಂಡು ಚೌಬಾರದಿಂದ ಮಹಮೂದ್ ಗವಾನ್ ಮದರಸಾ ದಾಟಿ ಕೋಟೆ ಕಡೆ ಹೋಗಿ ಬನ್ನಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟೇ ವೇಗ ಸಾಕು. ಇನ್ನೂ ಸ್ವಲ್ಪ ನಡೆಯಬಹುದಿತ್ತು ಅನ್ನಿಸುವಾಗಲೇ ವಾಪಸ್ ತಿರುಗಿ. ಖುಷಿಯಲ್ಲಿ ಮುಗಿದರೆ ನಾಳೆಗೆ ಮನಸ್ಸು ತಾನೇ ಬರುತ್ತದೆ.

ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುವ ಲೆಕ್ಕ ಅವರನ್ನು ಹೆದರಿಸಿತ್ತು. ಒಮ್ಮೆಗೆ ಹತ್ತು ನಿಮಿಷವಾದರೂ ಮಾಡಲೇಬೇಕು ಅನ್ನುವ ಹಳೇ ಷರತ್ತನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೈಬಿಟ್ಟಿದೆ. ಚೂರುಪಾರು ಓಡಾಟವೂ ಲೆಕ್ಕಕ್ಕೆ ಸೇರುತ್ತದೆ. ಅದರಲ್ಲೂ ಊಟ ಆದ ಮೇಲೆ ಸ್ವಲ್ಪ ನಡೆದರೆ ಸಕ್ಕರೆ ಅಷ್ಟು ಏರುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು ಏರುವ ಮೊದಲೇ ಹೋಗಿ ಬನ್ನಿ, ಇಲ್ಲವೇ ರಾತ್ರಿ ಊಟದ ಮೇಲೆ. ಎದೆ ನೋವು, ತಲೆಸುತ್ತು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ವಾರದಲ್ಲಿ ಎರಡು ದಿನ ಧಾರಾವಾಹಿ ನೋಡುತ್ತಾ ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸವನ್ನೂ ಹೇಳಿಕೊಟ್ಟೆ. ತೊಡೆಗೆ ಬಲ ಬರುತ್ತದೆ.

ಮುಂದಿನ ಸಲ ಮನೆಯವರನ್ನೂ ಕರೆಸಿದೆ. “ಇವತ್ತು ನಡೆದೇನು?” ಅನ್ನುವ ಪ್ರಶ್ನೆ ಪೂರ್ತಿ ಬಿಡಿ ಅಂತ ನೇರವಾಗಿ ಹೇಳಿದೆ. ಬದಲಿಗೆ ಇವರು ನಡೆಯಲು ಹೋಗುವ ಅರ್ಧ ಗಂಟೆ ಅಡುಗೆಮನೆ ನೀವು ನೋಡಿಕೊಳ್ಳಿ ಅಂದೆ. ಒಪ್ಪಿಕೊಂಡರು. ಹೆಣ್ಣುಮಕ್ಕಳಿಗೆ ಬಿಡುವು ಕೊಡದೆ ಬರೀ ಬುದ್ಧಿ ಹೇಳುವ ಮನೆಗಳನ್ನು ನಾನು ತುಂಬಾ ನೋಡುತ್ತೇನೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತೇನೆ.

ಈಗ ಅಕ್ಕ ವಾರದಲ್ಲಿ ಹೆಚ್ಚಿನ ದಿನ ಗೆಳತಿ ಜೊತೆ ಕೋಟೆ ಬಾಗಿಲವರೆಗೆ ಹೋಗಿ ಬರುತ್ತಾರೆ. ಕೆಲವು ವಾರ ತಪ್ಪುತ್ತದೆ. ತಪ್ಪಿದ್ದನ್ನು ಮರುದಿನ ದುಪ್ಪಟ್ಟು ನಡೆದು ತೀರಿಸಬೇಡಿ ಅಂದಿದ್ದೇನೆ. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಮರುಪರೀಕ್ಷೆಗೆ ಇನ್ನೂ ಸಮಯ ಇದೆ. ಅದು ಬಂದ ಮೇಲೆ ಡಾಕ್ಟರ ಮಾತು ಕೇಳಿ, ನಡಿಗೆಯನ್ನು ಎಷ್ಟು ಹೆಚ್ಚಿಸಬೇಕು ಅಂತ ಕೂತು ನೋಡುತ್ತೇವೆ.