ಕಂಪನಿ ಮುಚ್ಚುವ ಮಾತಿರುವ ಊರಿನಲ್ಲಿ ಅಂಗಡಿ ದೊಡ್ಡದು ಮಾಡಲೇ, ಒಂದು ವರ್ಷ ಕಾಯಲೇ ಎಂದು ನನಗೆ ಬರೆದು ಕೇಳಿದ್ದೀರಿ.

ಕಬ್ಬಿಣದ ಅದಿರಿನ ಗಣಿಯಿದ್ದ ಕುದುರೆಮುಖದ ದಿನಸಿ ಅಂಗಡಿಯಲ್ಲಿ ಕುಳಿತು 2003ರಲ್ಲಿ ನಾನೂ ಇದನ್ನೇ ಕೇಳುತ್ತಿದ್ದೆ.

ಆ ಊರು ಎದ್ದದ್ದು ಇರಾನಿನ ತೈಲದ ದುಡ್ಡನ್ನು ನಂಬಿ. 1975ರಲ್ಲಿ ಅಲ್ಲಿನ ಷಾ ಸರ್ಕಾರ 63 ಕೋಟಿ ಡಾಲರ್ ಸಾಲ ಕೊಡಲು, ಅದಿರನ್ನೂ ಕೊಳ್ಳಲು ಒಪ್ಪಿತ್ತು. 1979ರ ಕ್ರಾಂತಿಯಲ್ಲಿ ಷಾ ಹೋದ, ಗಿರಾಕಿಯೂ ಹೋದ. ಆದರೂ ಗಣಿ ನಡೆಯಿತು, ಅದಿರು ಬೇರೆ ದೇಶಗಳಿಗೆ ಹೋಯಿತು. ಅಷ್ಟು ದೊಡ್ಡ ಹೊಡೆತ ತಿಂದೂ ಉಳಿದ ಊರು ಇನ್ನು ಯಾವುದಕ್ಕೂ ಜಗ್ಗದು ಎಂದು ನಂಬಿಬಿಟ್ಟೆ.

2005ರ ಕೊನೆಗೆ ಗಣಿ ನಿಲ್ಲಬೇಕು ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಪತ್ರಿಕೆಯಲ್ಲಿ ಓದಿದ್ದೆ. ಗಣಿಯ ಗುತ್ತಿಗೆ ಮುಗಿದದ್ದು 1999ರಲ್ಲೇ, ಆದರೂ ಗಣಿ ನಡೆಯುತ್ತಲೇ ಇತ್ತು. ಒಮ್ಮೆ ಮುಂದಕ್ಕೆ ಹೋದದ್ದು ಮತ್ತೊಮ್ಮೆ ಹೋಗದೇ? ಗಣಿಯ ಕೆಸರು ತಡೆಯುವ ಲಕ್ಯಾ ಅಣೆಕಟ್ಟನ್ನು, ಅದಿರು ಸಾಗಿಸುವ ಮಂಗಳೂರಿನವರೆಗಿನ 67 ಕಿಲೋಮೀಟರ್ ಕೊಳವೆಯನ್ನು ಯಾರಾದರೂ ಬಿಟ್ಟು ಹೋಗುತ್ತಾರೆಯೇ? ಪಕ್ಕದ ಮಳಿಗೆಯನ್ನೂ ಹಿಡಿದು, ಸಾಲ ಮಾಡಿ ಸರಕು ತುಂಬಿದೆ.

ತಪ್ಪಾದದ್ದು ಇಲ್ಲೇ. ನಾನು ಕಂಪನಿಯ ಬಂಡವಾಳ ನೋಡಿದೆ, ನನ್ನ ಗಿರಾಕಿಯನ್ನು ನೋಡಲಿಲ್ಲ. ಉದ್ರಿ ಪುಸ್ತಕದಲ್ಲಿದ್ದವರೆಲ್ಲ ಸಂಬಳದವರು. ಕಂಪನಿಯ ಕಾರ್ಖಾನೆ ಮಂಗಳೂರಿನಲ್ಲೂ ಇತ್ತು, ಅವರಿಗೆ ಅಲ್ಲಿಗೆ ವರ್ಗ ಸಿಗುತ್ತಿತ್ತು. ನನ್ನನ್ನು ವರ್ಗ ಮಾಡುವವರು ಯಾರು? ಸಂಬಳದ ದಿನದ ವ್ಯಾಪಾರವನ್ನೇ ಊರಿನ ವ್ಯಾಪಾರವೆಂದು ಲೆಕ್ಕ ಹಾಕಿದ್ದೆ. ಕೊನೆಗೂ ಗಣಿ ನಿಂತಿತು. ಮನೆ ಸಾಮಾನಿನ ಲಾರಿ ಹೊರಡುವ ಮುನ್ನ ಒಬ್ಬ ತಾಯಿ ಬಂದು ತಮ್ಮ ಪುಟ ತೆಗೆಸಿ, ಬಾಕಿ ಎಣಿಸಿಕೊಟ್ಟು, ನನ್ನ ಪೆನ್ನಿನಿಂದ ತಾವೇ ಅಡ್ಡಗೆರೆ ಎಳೆದರು. ಆ ವಾರ ಅಂಥ ಎಷ್ಟೋ ಪುಟಗಳು ಮುಗಿದವು. ಮುಂದಿನ ಮಳೆಗಾಲದಲ್ಲಿ ಕೊಳ್ಳುವವರಿಲ್ಲದೆ ಸಕ್ಕರೆ ಮೂಟೆಗಳು ನೀರು ಬಿಟ್ಟವು. ಸಾಲ ತೀರಿಸಲು ಆರು ವರ್ಷ ಬೇಕಾಯಿತು.

ಹೋರಾಟಗಾರರಿಂದ ಊರು ಹಾಳಾಗುತ್ತಿದೆ ಎಂದು ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಗಣಿಯ ಮಣ್ಣು ಸೇರಿ ಮಳೆಗಾಲದಲ್ಲಿ ಭದ್ರೆ ಕೆಂಪು ಕೆಸರಾಗಿ ಹರಿದದ್ದನ್ನು ಕಣ್ಣಾರೆ ಕಂಡವನು ನಾನು. ಅದಿರು ಒಂದಲ್ಲ ಒಂದು ದಿನ ಮುಗಿಯುತ್ತಿತ್ತು, ಕೆಳಗಿನ ಗದ್ದೆಗಳಿಗೆ ಆ ಹೊಳೆಯ ನೀರು ಎಂದೆಂದಿಗೂ ಬೇಕು.

ಒಂದು ವರ್ಷ ಕಾಯುವುದೂ ಬೇಡ. ನಾನು ಕಳಸಕ್ಕೆ ಬಂದು ಅಡಿಕೆ, ಕಾಫಿ ತೋಟದವರಿಗೆ ಬೇಕಾದ ಸರಕು ಇಟ್ಟ ಮೇಲೆಯೇ ಉಸಿರಾಡಿದೆ. ಇಂದು ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಿಮ್ಮ ಉದ್ರಿ ಪುಸ್ತಕ ತೆಗೆಯಿರಿ. ಕಂಪನಿ ಹೋದರೂ ಊರಲ್ಲೇ ಇರುವವರ ಹೆಸರು ಎಷ್ಟಿದೆ ಎಂದು ಎಣಿಸಿ ನನಗೆ ತಿಳಿಸಿ.